ಗಾಬರಿ ಬಣ್ಣದ ಹೂವು

ಫೆಬ್ರವರಿ ೬

ಅಣ್ಣಾ,

ಮತ್ತೆ ಕೆಟ್ಟ ಕನಸು ಬಿತ್ತು. ಬೆಳಗಿನ ಜಾವದ್ದಲ್ಲ, ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ತೂಕಡಿಸುವಾಗ ಬಿದ್ದದ್ದು. ಹಾಗಾಗಿ ನಿಜವಾಗಲಿಕ್ಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನೀನು ಪೆಟ್ಟಿಗೆ ಹಿಡಿದು ನಮ್ಮ ಬೀದಿಗೆ ಬಂದಿದ್ದೆ. ನಾನು ಗೇಟಿನ ಹತ್ತಿರ ನಿಂತಿದ್ದೆ. ನೀನು ನನ್ನನ್ನೂ ನೋಡಲಿಲ್ಲ, ಮನೆಯನ್ನೂ ನೋಡಲಿಲ್ಲ, ನೆಟ್ಟಗೆ ಮುಂದೆ ಹೊರಟುಹೋದೆ. ಕೂಗೋಣ ಅಂದರೆ ನನ್ನ ಬಾಯಿ ತುಂಬ ಗುಂಡುಸೂಜಿ.

ಎದ್ದು ಯೋಚನೆ ಮಾಡಿದೆ. ಅರ್ಥ ಇಷ್ಟೇ. ನಮ್ಮ ಮನೆ ಮುಂದೆ ನಿಂತು ನೋಡುವಂಥದ್ದು ಏನೂ ಇಲ್ಲ. ಸಾಲುಮನೆಗಳಲ್ಲಿ ಕೊನೆಯದು, ಪಕ್ಕದಲ್ಲಿ ಬೇರೆ ಯಾರಿಗೂ ಇಲ್ಲದಷ್ಟು ಜಾಗ, ಅದರಲ್ಲಿ ಇರುವುದೇನು? ತೂತು ಬಕೆಟ್ಟು, ಅಮ್ಮನ ಕಾಲದ ರಾತ್ರಿರಾಣಿ, ಮಿಕ್ಕಿದ್ದೆಲ್ಲ ಕಳೆ. ಬಣ್ಣದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಬಣ್ಣಕ್ಕೆ ಬಣ್ಣ ಹೋಲಿಸಿ ನೋಡಿದ ಮನುಷ್ಯ ನಿವೃತ್ತಿಯಾಗಿ ಬಂದು ಕಳೆ ನೋಡುತ್ತಾ ಕೂರುತ್ತಾನಾ? ಅಮ್ಮ ಹೋದ ಮೇಲೆ ರಜಕ್ಕೆ ಬಂದಾಗಲೆಲ್ಲ ನೀನು ಏನಾದರೂ ನೆವ ಹೇಳಿ ಬೇಗ ಹೊರಟುಬಿಡುತ್ತಿದ್ದೆ. ಮಳೆಗಾಲಕ್ಕೆ ಮೊದಲು ಬರುತ್ತೇನೆ ಅಂದಿದ್ದೀಯಲ್ಲ, ಈ ಸಲ ಬಂದರೆ ಉಳಿಯಬೇಕು ಅಣ್ಣಾ. ಒಂದೇ ತಟ್ಟೆ ತೊಳೆದು ತೊಳೆದು ನನಗೆ ಸಾಕಾಗಿದೆ.

ಅದಕ್ಕೇ ತೋಟ ಮಾಡುತ್ತಿದ್ದೇನೆ. ನೀನು ವರ್ಷಾವರ್ಷ ಕಳಿಸಿದ ಬಣ್ಣದ ನಮೂನೆ ಕಾರ್ಡುಗಳೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಹಾಗೇ ಇವೆ. ಕಂಪನಿಯವರು ಅಚ್ಚು ಹಾಕಿದ ಹೆಸರಿನ ಕೆಳಗೆ ನೀನು ಪೆನ್ಸಿಲಿನಲ್ಲಿ ಬರೆದ ಹೆಸರುಗಳೂ ಇವೆ. ಕಡುಗೆಂಪಿಗೆ 'ಮೇಸ್ತ್ರಿ ಸಿಟ್ಟು'. ಬೂದಿಗೆ 'ಸೋಮವಾರ'. ಆ ತಿಳಿಹಳದಿಗೆ 'ಗಾಬರಿ', ಹೆದರಿದಾಗ ನನ್ನ ಮುಖ ಥೇಟ್ ಆ ಬಣ್ಣಕ್ಕೆ ತಿರುಗುತ್ತದೆ ಅಂತ. ಆಮೇಲೆ ನನ್ನ ಹೆಸರೇ ಅದಾಯಿತು.

ನಿನ್ನೆ ಕಾರ್ಡುಗಳನ್ನು ಹಿಡಿದುಕೊಂಡೇ ನರ್ಸರಿಗೆ ಹೋದೆ. ಒಂದೊಂದು ಎಲೆಗೂ ಕಾರ್ಡು ತಾಗಿಸಿ ನೋಡುತ್ತಿದ್ದೆ. ನರ್ಸರಿಯವನು ಪೈಪು ಕೆಳಗಿಟ್ಟು ಬಂದ.

"ಏನಕ್ಕಾ, ಅಂಗಿಗೆ ಮ್ಯಾಚಿಂಗ್ ಗುಂಡಿ ಹುಡುಕ್ತಿದ್ದೀರಾ?"

"ನಮ್ಮಣ್ಣನಿಗೆ ತೋಟ," ಅಂದೆ. "ಅವನ ಕಣ್ಣು ತುಂಬಾ ಸೂಕ್ಷ್ಮ. ಒಂದು ಎಳೆ ಹೆಚ್ಚುಕಮ್ಮಿ ಆದ್ರೂ ಗೊತ್ತಾಗುತ್ತೆ."

"ಹಂಗಾದ್ರೆ ಕ್ರೋಟನ್ ತಗೊಳಿ. ಆದ್ರೆ ಬಿಸಿಲಲ್ಲಿ ಇಡಿ. ನೆರಳಲ್ಲಿಟ್ರೆ ಎಲ್ಲಾ ಗಿಡಾನೂ ಹಸಿರೇ, ಆಮೇಲೆ ನನ್ನನ್ನ ಬೈಬೇಡಿ."

ಕ್ರೋಟನ್, ಕ್ಯಾನಾ, ಕೋಲಿಯಸ್ ಅಂತ ಬರೆಸಿ ಬಂದಿದ್ದೇನೆ. ಯಾವುದು ಎಲ್ಲಿ ಅಂತ ನೀನೇ ಹೇಳು. ತಪ್ಪಿ ಎಲ್ಲಾದರೂ ನೆಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ಇನ್ನೊಂದು. ಹೋದ ಸಲದ ನನ್ನ ಕಾಗದವನ್ನು ನೀನು ತಿದ್ದಿ ವಾಪಸ್ ಕಳಿಸಿಲ್ಲ. ನಾನು ಶಾಲೆ ಬಿಟ್ಟಾಗಿನಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಅಂಚೆಯವರು ಕಳೆದರೋ ಏನೋ.

ನಿನ್ನ ಗಾಬರಿ


ಫೆಬ್ರವರಿ ೧೯

ಪ್ರೀತಿಯ ಗಾಬರಿ,

ಕನಸಿನಲ್ಲಿ ನಾನು ಮನೆ ದಾಟಿ ಹೋದೆ ಅಂದರೆ ಮೂಲೆ ಅಂಗಡಿಗೆ ಚಹಾ ಕುಡಿಯಲು ಹೋಗಿದ್ದೆ ಅಂತ ಅರ್ಥ. ನೀನು ಇನ್ನೂ ಸ್ವಲ್ಪ ಹೊತ್ತು ಮಲಗಿದ್ದರೆ ವಾಪಸ್ ಬರುತ್ತಿದ್ದೆ.

ತೋಟದ ಯೋಚನೆ ಒಳ್ಳೆಯದು. ಆದರೆ ಬಣ್ಣ ಬೇಡ ಮಾರಾಯ್ತಿ. ಮಿಠಾಯಿ ಅಂಗಡಿಯವನು ಮನೆಗೆ ಹೋಗಿ ಉಪ್ಪಿನಕಾಯಿ ನೆಕ್ಕುತ್ತಾನಂತೆ, ಹಾಗಾಗಿದೆ ನನಗೆ. ಕಣ್ಣಿಗೂ ರಜ ಕೊಡೋಣ. ಪರಿಮಳ ಇರುವ ಗಿಡ ಒಂದೆರಡು ಹಾಕು, ಗಾಳಿ ಬಂದರೆ ಸರಸರ ಸದ್ದು ಮಾಡುವಂಥದ್ದು ಒಂದು ಹಾಕು, ಸಾಕು. ಮುಳ್ಳಿನದು ಯಾವುದೂ ಬೇಡ.

ಗೇಟಿನಿಂದ ಬಾಗಿಲಿಗೆ ದಾರಿ ನೆಟ್ಟಗಿರಲಿ. ಎರಡೂ ಅಂಚಿಗೆ ಇಟ್ಟಿಗೆ ನಿಲ್ಲಿಸು, ಕಾಲಿಗೆ ತಾಗುವ ಹಾಗೆ. ದಾರಿ ಮೇಲೆ ಕುಂಡ ಇಡಬೇಡ.

ನಿನ್ನ ಕಾಗದದಲ್ಲಿ ತಪ್ಪು ಕಮ್ಮಿಯಾಗಿದೆ. ಕೆಂಪು ಪೆನ್ಸಿಲಿಗೂ ನನ್ನ ಜೊತೆಗೇ ನಿವೃತ್ತಿ.

ಅಣ್ಣ


ಮಾರ್ಚ್ ೩

ಅಣ್ಣಾ,

ನಿನ್ನ ಕಾಗದ ಬಂತು. ಓದಿದಾಗಿನಿಂದ ಒಂದು ಥರಾ ಆಗುತ್ತಿದೆ. ಅಕ್ಷರಗಳು ಇಷ್ಟು ದೊಡ್ಡದಾಗಿ ಯಾಕಿವೆ? ಸಾಲಿನ ಮೇಲೆ ಸಾಲು ಹತ್ತಿ ಕೂತಿದೆ. ಬಸ್ಸಿನಲ್ಲಿ ಕೂತು ಬರೆದೆಯಾ? ನನಗೆ ಬರೆಯಲು ನಿನಗೆ ಈಗ ಕೂತುಕೊಳ್ಳುವಷ್ಟು ಪುರುಸೊತ್ತೂ ಇಲ್ಲವಾ?

ತಪ್ಪು ಕಮ್ಮಿಯಾಗಿದೆ ಅಂದಿದ್ದೀಯ. ನೀನು ತಿದ್ದಿ ಕಳಿಸದ ಆ ಕಾಗದದಲ್ಲಿ ನಾನು ಬೇಕೆಂದೇ 'ಹೂವು' ಅನ್ನುವುದನ್ನೇ ತಪ್ಪಾಗಿ ಬರೆದಿದ್ದೆ, ಹಿಡಿಯುತ್ತೀಯೋ ಇಲ್ಲವೋ ನೋಡೋಣ ಅಂತ. ಅದೂ ನಿನಗೆ ಕಾಣಲಿಲ್ಲ. ಓದದೆ ಮಡಿಸಿ ಇಟ್ಟೆಯಾ? ಬೇಜಾರಾಗಿದ್ದರೆ ನೇರವಾಗಿ ಹೇಳಿಬಿಡು, ಅಣ್ಣಾ. ನನ್ನ ಕಾಗದಗಳೆಲ್ಲ ಒಂದೇ ಗೋಳು ಅಂತ ನನಗೂ ಗೊತ್ತು.

ದಾರಿ ನೆಟ್ಟಗಿರಲಿ ಅಂದದ್ದನ್ನು ಎದುರುಮನೆ ನರ್ಸಮ್ಮನಿಗೆ ಓದಿ ಹೇಳಿದೆ. "ಗಂಡಸರಿಗೇನು ಗೊತ್ತಾಗುತ್ತೆ, ನೆಟ್ಟಗಿರೋ ದಾರಿ ಆಸ್ಪತ್ರೆ ವರಾಂಡದ ಹಾಗಿರುತ್ತೆ," ಅಂದರು. ನನಗೂ ಹೌದೆನಿಸಿತು. ನೆಟ್ಟಗೆ ಬಂದು ನೆಟ್ಟಗೆ ಹೋಗಿಬಿಡುವುದಕ್ಕಾ ದಾರಿ? ಅದಕ್ಕೇ ಹಾವು ಹರಿದ ಹಾಗೆ ಬಳುಕಿಸಿ ಮಾಡಿಸಿದೆ. ತಿರುವಿಗೊಂದು ಕುಂಡ. ನೀನು ಒಂದೊಂದು ತಿರುವಿನಲ್ಲೂ ನಿಂತು, ಒಂದೊಂದು ಬಣ್ಣ ನೋಡಿಕೊಂಡು ಬರಬೇಕು.

ಬಣ್ಣ ಬೇಡ ಅಂದದ್ದು ನನಗೆ ಕಷ್ಟ ಆಗಬಾರದು ಅಂತ. ನನಗೆ ಅರ್ಥವಾಗುತ್ತದೆ. ನೀನು ಯಾವಾಗಲೂ ಹೀಗೇ. ನಿನಗೆ ಬೇಕಾದ್ದನ್ನು ಬೇಡ ಅನ್ನುತ್ತೀಯ. ಕಾಗದದ ಹೂವಿನ ಬಳ್ಳಿ ಹಾಕಿದ್ದೇನೆ. ಮುಳ್ಳಿದೆ ನಿಜ, ಆದರೆ ನಿನ್ನ 'ಮೇಸ್ತ್ರಿ ಸಿಟ್ಟು' ಬೇರೆ ಯಾವ ಗಿಡದಲ್ಲೂ ಸಿಗಲಿಲ್ಲ. ನಾನು ಬೆಳಿಗ್ಗೆ ಸಂಜೆ ನೀರು ಹಾಕಿದ್ದೇ ಹಾಕಿದ್ದು, ಬರೀ ಎಲೆ. ನರ್ಸರಿಯವನು ಬಂದು ನೋಡಿ ಬೈದ: "ಅಕ್ಕಾ, ಇದನ್ನ ಸ್ವಲ್ಪ ಮರೆತುಬಿಡಿ. ಬಾಯಾರಿದ್ರೇನೇ ಇದು ಹೂ ಬಿಡೋದು." ಮರೆಯುವುದು ನನ್ನ ಕೈಲಾಗುವ ಕೆಲಸವಾ?

ಕೋಲಿಯಸ್‌ಗೆ ಹೂ ಬಂದರೆ ಎಲೆಯ ಬಣ್ಣ ಮಾಸುತ್ತದಂತೆ. ದಿನಾ ಎದ್ದು ಅದರ ಕುಡಿ ಚಿವುಟುತ್ತೇನೆ. ಪಾಪ ಅನ್ನಿಸುತ್ತದೆ. ನಿನಗೋಸ್ಕರ ಚಿವುಟುತ್ತೇನೆ.

ನಿನ್ನ ಗಾಬರಿ


ಏಪ್ರಿಲ್ ೨

ಪ್ರೀತಿಯ ಗಾಬರಿ,

ಇದು ನನ್ನ ಕೈಬರಹ ಅಲ್ಲ, ಹೆದರಬೇಡ. ಹೆಬ್ಬೆರಳ ಮೇಲೆ ಡಬ್ಬ ಬಿತ್ತು, ಸ್ವಲ್ಪ ದಿನ ಪೆನ್ನು ಹಿಡಿಯುವ ಹಾಗಿಲ್ಲ. ನಮ್ಮ ಉಗ್ರಾಣದವರು ಬರೆಯುತ್ತಿದ್ದಾರೆ. ನನ್ನ ಪಕ್ಕದ ಕೋಣೆಯವರು, ಒಳ್ಳೆಯ ಮನುಷ್ಯ, ಗೊರಕೆ ಒಂದು ಬಿಟ್ಟರೆ. ಈ ಸಾಲನ್ನು ಬರೆಯುವುದಿಲ್ಲ ಅಂತ ಹಟ ಹಿಡಿದಿದ್ದರು, ಬರೆಸಿದ್ದೇನೆ.

ನಿನ್ನ ಕಾಗದವನ್ನು ಓದದೆ ಮಡಿಸಿ ಇಟ್ಟಿಲ್ಲ. ಒಂದೊಂದು ಮಾತೂ ಬಾಯಿಪಾಠ ಇದೆ. ಬೇಕಾದರೆ ಉಗ್ರಾಣದವರನ್ನು ಕೇಳು.

ಮಳೆ ಶುರುವಾಗುವ ಮೊದಲು ಬರುತ್ತೇನೆ ಅಂದಿದ್ದೆನಲ್ಲ, ಅದು ಆಗಲಿಕ್ಕಿಲ್ಲ. ಕೆಲಸ ಒಪ್ಪಿಸುವುದು ಇದೆ. ಮಳೆ ನಿಂತ ಮೇಲೆ ನೋಡೋಣ. ದಾರಿ ಬಳುಕಿಸಿದ್ದೀಯ, ಇರಲಿ. ಕುಂಡಗಳನ್ನಾದರೂ ಪಕ್ಕಕ್ಕೆ ಸರಿಸಲು ಆಗುತ್ತದಾ?

ಅಣ್ಣ


ಏಪ್ರಿಲ್ ೧೧

ಅಣ್ಣಾ,

ಯಾವ ಕೈಯ ಹೆಬ್ಬೆರಳು? ಬಲಗೈಯೋ ಎಡಗೈಯೋ ಬರೆದೇ ಇಲ್ಲ. ಸೂಜಿ ಹಾಕಿಸಿದೆಯಾ? ಡಬ್ಬದ ಅಂಚು ತುಕ್ಕು ಹಿಡಿದಿತ್ತಾ? ನರ್ಸಮ್ಮನನ್ನು ಕೇಳಿದರೆ "ನಿಮ್ಮಣ್ಣ ಚಿಕ್ಕ ಮಗುವಾ?" ಅಂತ ಬಾಯಿ ಮುಚ್ಚಿಸಿದರು.

ಮಳೆ ನಿಂತ ಮೇಲೆ ನೋಡೋಣ ಅಂದಿದ್ದೀಯ. ಬರುತ್ತೇನೆ ಅಂದಿಲ್ಲ, ನೋಡೋಣ ಅಂದಿದ್ದೀಯ. ಅದೊಂದು ಮಾತನ್ನು ಇಟ್ಟುಕೊಂಡು ಇಡೀ ದಿನ ಅಂಗಿಯ ಕಾಲರ್ ತಿರುಗುಮುರುಗು ಹೊಲಿದೆ. ತೋಟ ನಿನಗೆ ಇಷ್ಟವಾಗುವ ಹಾಗೆ ನಾನು ಬರೆಯಲಿಲ್ಲವೋ ಏನೋ. ಒಂದು ಮಾತು ಒಪ್ಪುತ್ತೇನೆ, ತೋಟ ಇನ್ನೂ ಕಣ್ಣಿಗೆ ಕಟ್ಟುವ ಹಾಗೆ ಆಗಿರಲಿಲ್ಲ. ಗೇಟಿನ ಪಕ್ಕದ ಕ್ರೋಟನ್ ಸಾಲು ತಂದಾಗ ಬೆಂಕಿಯ ಹಾಗಿತ್ತು, ಬರುಬರುತ್ತಾ ಪಾಲಕ್ ಸೊಪ್ಪಿನ ಹಾಗಾಯಿತು. ನರ್ಸರಿಯವನು ಬಂದವನೇ ತಲೆ ಎತ್ತಿ ನೋಡಿದ. "ಮೇಲೆ ಈ ರಾತ್ರಿರಾಣಿ ಕೊಡೆ ಹಿಡಿದು ನಿಂತಿದೆಯಲ್ಲಕ್ಕಾ, ಕೆಳಗೆ ಬಣ್ಣ ಎಲ್ಲಿಂದ ಬರಬೇಕು? ಇದೋ, ಅದೋ, ಒಂದು ತೀರ್ಮಾನ ಮಾಡಿ."

ತೀರ್ಮಾನ ಮಾಡಿದೆ. ರಾತ್ರಿರಾಣಿ ಕೀಳಿಸಿದೆ.

ಅಮ್ಮ ನೆಟ್ಟದ್ದು ಅಂತ ಒಂದು ಗಳಿಗೆ ಕೈ ಹಿಂಜರಿಯಿತು. ಆದರೆ ಅದರಲ್ಲಿ ನೋಡುವುದೇನಿತ್ತು ಹೇಳು? ಹಗಲೆಲ್ಲ ಸೊಟ್ಟ ಕೊಂಬೆ, ಹೂವು ಅತ್ತ ಬಿಳಿಯೂ ಅಲ್ಲ ಇತ್ತ ಹಸಿರೂ ಅಲ್ಲ, ನಿನ್ನ ಯಾವ ಕಾರ್ಡಿಗೂ ಹೊಂದುವುದಿಲ್ಲ. ಅದರ ವಾಸನೆಗೆ ಹಾವು ಬರುತ್ತದೆ ಅನ್ನುತ್ತಾರೆ, ನಾನು ಸಂಜೆಯಾದರೆ ಗೇಟಿಗೆ ಕೈ ಹಾಕಲೂ ಹೆದರುತ್ತಿದ್ದೆ. ಅದಕ್ಕಿಂತ ಮುಖ್ಯ, ನೀನೇ ಹೇಳುತ್ತಿದ್ದೆ. ನೆನಪಿದೆಯಾ? ಮೊದಲನೇ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಗ ಧಡ್ ಅಂತ ಕಿಟಕಿ ಮುಚ್ಚಿ, "ಅಮ್ಮಾ, ಈ ಗಿಡ ಕಡಿದು ಬಿಸಾಕು, ತಲೆ ಸಿಡೀತಿದೆ," ಅಂತಿದ್ದೆ. ಅಮ್ಮ ಕಡಿಯಲಿಲ್ಲ. ಈಗ ನಿನ್ನ ಮಾತು ನಡೆಯಿತು ನೋಡು.

ಬೇರು ಅಷ್ಟು ದೂರ ಹೋಗಿರುತ್ತದೆ ಅಂತ ಗೊತ್ತಿರಲಿಲ್ಲ. ಬಾಗಿಲ ಮೆಟ್ಟಿಲಿನ ಅಡಿಗೂ ಬಂದಿತ್ತು.

ಈಗ ಗೇಟಿನ ತುಂಬ ಬಿಸಿಲು. ಹೊಸ ಎಲೆಗಳಲ್ಲಿ ಕೆಂಪು ಇಣುಕುತ್ತಿದೆ. ನೀನು ಬರುವಷ್ಟರಲ್ಲಿ ಬೀದಿ ತಿರುವಿನಿಂದಲೇ ಕಾಣುತ್ತದೆ, ಇದೇ ನಮ್ಮ ಮನೆ ಅಂತ.

ನಿನ್ನ ಗಾಬರಿ


ಏಪ್ರಿಲ್ ೧೨

ಪ್ರೀತಿಯ ಗಾಬರಿ,

ಈ ಸಲ ನಿನ್ನ ಕಾಗದಕ್ಕೆ ಕಾಯದೆ ಬರೆಸುತ್ತಿದ್ದೇನೆ. ಒಂದು ವಿಷಯ ಕೇಳಬೇಕಿತ್ತು. ಗೇಟಿನ ಪಕ್ಕದ ರಾತ್ರಿರಾಣಿ ಹೇಗಿದೆ? ನೀನು ಅಷ್ಟೆಲ್ಲ ಗಿಡಗಳ ಸಮಾಚಾರ ಬರೆಯುತ್ತೀಯ, ಒಂದು ಸಲ ಹೆಸರು ಹೇಳಿದ್ದು ಬಿಟ್ಟರೆ ಅದರದ್ದು ಮಾತ್ರ ಬರೆಯುವುದಿಲ್ಲ.

ಅದನ್ನು ಬೈಯುತ್ತಿದ್ದವನು ನಾನೇ. ಈಗೀಗ ಅದೇ ಜ್ಞಾಪಕಕ್ಕೆ ಬರುತ್ತದೆ. ಸಂಜೆ ರೈಲು ಇಳಿದು ನಡೆದು ಬರುವಾಗ ಬೀದಿ ತಿರುವಿನಲ್ಲೇ ಘಮ್ ಅನ್ನುತ್ತಿತ್ತಲ್ಲ. ಕಣ್ಣು ಮುಚ್ಚಿಕೊಂಡಿದ್ದರೂ ಮನೆ ಬಂತು ಅಂತ ಗೊತ್ತಾಗುತ್ತಿತ್ತು. ಅದೊಂದು ಇದ್ದರೆ ನಾನು ಯಾರನ್ನೂ ದಾರಿ ಕೇಳಬೇಕಾಗಿಲ್ಲ.

ಅದಕ್ಕೆ ಸ್ವಲ್ಪ ಗೊಬ್ಬರ ಹಾಕು. ಮಿಕ್ಕ ತೋಟ ಹೇಗಾದರೂ ಇರಲಿ.

ಮಳೆ ನಿಂತ ಕೂಡಲೇ ಬರುತ್ತೇನೆ. ಈ ಸಲ ನೋಡೋಣ ಅಲ್ಲ, ಬರುತ್ತೇನೆ.

ಅಣ್ಣ


ಏಪ್ರಿಲ್ ೨೩

ಅಣ್ಣಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನನ್ನದು ನಿನಗೆ ಸಿಕ್ಕಿದೆಯಾ? ಸಿಗದಿದ್ದರೆ ಒಳ್ಳೆಯದಿತ್ತು.

ನಿನ್ನದನ್ನು ಓದಿದ ಕೂಡಲೇ ಅಂಗಡಿಯ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ನರ್ಸರಿಗೆ ಓಡಿದೆ. "ಆ ಬೇರು ಎಲ್ಲಿ?" ಅಂತ ಕೇಳಿದೆ. "ಅದು ಅವತ್ತೇ ಕಸದ ಗಾಡಿಗೆ ಹೋಯ್ತಲ್ಲಕ್ಕಾ," ಅಂದ. ಬೇರೆಯದು ಕೊಡು ಅಂದರೆ, "ಅದನ್ನ ಅಂದಕ್ಕೆ ಅಂತ ಯಾರು ತಗೊಳ್ತಾರೆ? ನಾನು ಇಡಲ್ಲ," ಅಂದ. ಆಮೇಲೆ ನನ್ನ ಮುಖ ನೋಡಿ ಸ್ಟೂಲು ಕೊಟ್ಟ, ನೀರು ಕೊಟ್ಟ. ಎಲ್ಲಿಂದಾದರೂ ಹುಡುಕಿ ತರುತ್ತೇನೆ ಅಂತ ಹೇಳಿದ್ದಾನೆ.

ಅಷ್ಟು ಇಷ್ಟ ಅಂತ ನೀನು ಮೊದಲೇ ಯಾಕೆ ಹೇಳಲಿಲ್ಲ? ಪರಿಮಳದ ಗಿಡ ಅಂದೆ, ಹೆಸರು ಹೇಳಲಿಲ್ಲ. ನಾನು ನಿನ್ನನ್ನು ದೂರುತ್ತಿಲ್ಲ. ನಾನೂ ಕೇಳಬಹುದಿತ್ತು. ಸಣ್ಣಪುಟ್ಟದ್ದಕ್ಕೆಲ್ಲ ಹತ್ತು ಸಲ ಕೇಳುವವಳು ಇದೊಂದನ್ನು ಕೇಳದೆ ಮಾಡಿದೆ, ಈ ಸಲವಾದರೂ ನೀನು ಮೆಚ್ಚಲಿ ಅಂತ.

ಕ್ರೋಟನ್‌ಗೆ ಈಗ ಚೆನ್ನಾಗಿ ಬಣ್ಣ ಬಂದಿದೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. ನನಗೆ ನೋಡಲಾಗುತ್ತಿಲ್ಲ.

ಬೇಗ ಬರೆ. ಬೈದಾದರೂ ಬರೆ.

ನಿನ್ನ ಗಾಬರಿ


ಮೇ ೨೬

ಪ್ರೀತಿಯ ಗಾಬರಿ,

ಬರೆಯುವುದು ತಡವಾಯಿತು. ಕೆಲಸ ಜಾಸ್ತಿ.

ರಾತ್ರಿರಾಣಿ ಕೀಳಿಸಿದ್ದು ಒಳ್ಳೆಯದೇ ಆಯಿತು. ಹಳೇ ಗಿಡ, ಎಂದಾದರೂ ಹೋಗುವುದೇ. ಹಾವಿನ ಭಯವೂ ತಪ್ಪಿತು. ಅದಕ್ಕೆ ಅಳುತ್ತಾ ಕೂರಬೇಡ. ಕ್ರೋಟನ್ ಚೆನ್ನಾಗಿ ಬಂದದ್ದು ಕೇಳಿ ಖುಷಿಯಾಯಿತು.

ಮಳೆ ನಿಂತ ಮೇಲೆ ಬರುತ್ತೇನೆ ಅಂದಿದ್ದೆ. ಇಲ್ಲಿ ಕಂಪನಿಯವರು ಹಳೆಯ ಕೆಲಸಗಾರರಿಗೆ ಅಂತ ಒಂದು ವಸತಿ ಕೊಡುತ್ತಾರೆ. ಊಟ ತಿಂಡಿ ಎಲ್ಲಾ ಅಲ್ಲೇ. ಉಗ್ರಾಣದವರೂ ಬರುತ್ತಾರಂತೆ. ಸದ್ಯಕ್ಕೆ ಅಲ್ಲಿರುವುದು ಒಳ್ಳೆಯದು ಅಂತ ಯೋಚಿಸುತ್ತಿದ್ದೇನೆ. ನಿನಗೂ ಒಬ್ಬಳ ಅಡಿಗೆ ಸುಲಭ.

ತೋಟ ಚೆನ್ನಾಗಿ ನೋಡಿಕೋ.

ಅಣ್ಣ

ತಂಗಿಗೆ ಉಗ್ರಾಣದವನ ನಮಸ್ಕಾರ. ಮೇಲಿನವರೆಗೆ ನಿಮ್ಮಣ್ಣ ಹೇಳಿದ್ದು, ನಾನು ಬರೆದದ್ದು. ಇಲ್ಲಿಂದ ಕೆಳಗೆ ಅವರು ಹೇಳದೇ ಇದ್ದದ್ದು. ಅವರು ಸ್ನಾನಕ್ಕೆ ಹೋಗಿದ್ದಾರೆ, ಬೇಗಬೇಗ ಬರೆಯುತ್ತೇನೆ, ಅಕ್ಷರ ನೋಡಿ ನಗಬೇಡಿ.

ಹೆಬ್ಬೆರಳಿಗೆ ಏನೂ ಆಗಿಲ್ಲ. ಕಣ್ಣಿಗೆ ಆಗಿದೆ. ಹೋದ ವರ್ಷದಿಂದಲೂ ಇತ್ತು, ಯಾರಿಗೂ ಹೇಳಿರಲಿಲ್ಲ. ಡಬ್ಬಗಳು ಇರುವ ಜಾಗ ಗುರುತಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಒಂದು ದಿನ ಯಾರೋ ಡಬ್ಬ ಜಾಗ ಬದಲಿಸಿ ಇಟ್ಟಿದ್ದರು. ಆಸ್ಪತ್ರೆಯ ಗೋಡೆಗೆ ಹೋಗಬೇಕಾಗಿದ್ದ ಬಣ್ಣ ಇಡೀ ತೊಟ್ಟಿ ಬೇರೆಯಾಯಿತು. ಆಗ ಗೊತ್ತಾಯಿತು. ಕಣ್ಣಿನ ಹಿಂದಿನ ನರ ಸೊರಗಿದೆಯಂತೆ, ಹೋದದ್ದು ವಾಪಸ್ ಬರುವುದಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರೆ. ನಾನು ಜೊತೆಗೆ ಹೋಗಿದ್ದೆ.

ನಿಮ್ಮ ಕಾಗದಗಳನ್ನು ನಾನೇ ಓದಿ ಹೇಳುತ್ತೇನೆ. "ಅವಳಿಗೆ ಗೊತ್ತಾಗಬಾರದು. ಅವಳು ಚಿಕ್ಕಂದಿನಿಂದ ಮನೆಯಲ್ಲಿ ಕಾಯಿಲೆ ಬಿದ್ದ ಒಬ್ಬೊಬ್ಬರ ಹಾಸಿಗೆ ಪಕ್ಕ ಕೂತೇ ಶಾಲೆ ಬಿಟ್ಟಳು. ಈಗ ನನ್ನ ಪಕ್ಕ ಕೂರಿಸಲಾ?" ಅನ್ನುತ್ತಾರೆ. ಅದಕ್ಕೇ ಯಾರ ಕೈಯನ್ನೂ ಹಿಡಿಯದೆ ಮನೆಗೆ ನಡೆದು ಬಂದು ನಿಮಗೆ ತೋರಿಸಬೇಕು ಅಂತ ಹಟ. ನಮ್ಮ ಉಗ್ರಾಣದ ಅಂಗಳದಲ್ಲಿ ಸಂಜೆ ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದರು. "ಇದು ನಮ್ಮ ಬೀದಿ ತಿರುವು, ಇಲ್ಲಿ ರಾತ್ರಿರಾಣಿ, ಇಲ್ಲಿಂದ ಗೇಟು," ಅಂತ. ನಾನೇ ರಾತ್ರಿರಾಣಿಯಾಗಿ ನಿಲ್ಲುತ್ತಿದ್ದೆ. "ನಿನ್ನ ವಾಸನೆಗೆ ಹಾವೂ ಬರಲ್ಲ," ಅಂತ ನಗುತ್ತಿದ್ದರು.

ನೀವು ಗಿಡ ಕೀಳಿಸಿದ ಕಾಗದ ಓದಿದೆನಲ್ಲ, ಕೊನೆಯವರೆಗೆ ಕೇಳಿ "ಮುಂದೆ ಓದು" ಅಂದರು. ಮುಂದೆ ಏನೂ ಇರಲಿಲ್ಲ. ಅವತ್ತಿನಿಂದ ಅಂಗಳಕ್ಕೆ ಇಳಿದಿಲ್ಲ.

ಪೂರ್ತಿ ಕತ್ತಲೆ ಆಗಿಲ್ಲ. ಮೊನ್ನೆ ಕಪಾಟಿನ ಮುಂದೆ ನಿಂತು ಒಂದು ಡಬ್ಬದ ಮೇಲೆ ಕೈಯಿಟ್ಟು "ಇದು ನಮ್ಮ ಗಾಬರಿ" ಅಂದರು. ಮುಚ್ಚಳ ನೋಡಿದೆ, ತಿಳಿಹಳದಿಯೇ.

ನಾನು ಹೇಳಿದೆ ಅಂತ ಹೇಳಬೇಡಿ. ಹೇಳದೆಯೂ ಇರಬೇಡಿ. ಏನು ಮಾಡಬೇಕೋ ನಿಮಗೇ ಬಿಟ್ಟಿದ್ದೇನೆ.


ಜೂನ್ ೯

ಅಣ್ಣಾ,

ನಿನ್ನ ಕಾಗದ ಬಂತು. ವಸತಿಯ ವಿಷಯ ಆಮೇಲೆ ಮಾತಾಡೋಣ. ಮೊದಲು ನನ್ನ ಸಮಾಚಾರ ಕೇಳು.

ತೋಟ ನನಗೆ ಸಾಕಾಯಿತು. ಕಾಗದದ ಹೂವಿನ ಮುಳ್ಳು ಸಿಕ್ಕಿ ಗಿರಾಕಿಯ ಹೊಸ ಬಟ್ಟೆ ಹರಿಯಿತು. ಕೀಳಿಸಿಬಿಟ್ಟೆ. ಬಳುಕಿನ ದಾರಿಯೂ ನನಗೆ ಆಗಲಿಲ್ಲ. ಬಟ್ಟೆಯ ಗಂಟು ಹೊತ್ತು ಬರುವಾಗ ಕುಂಡ ಎಡವಿ ಬಿದ್ದೆ, ಪೆಟ್ಟೇನೂ ಆಗಲಿಲ್ಲ. ನೆಟ್ಟಗೆ ಮಾಡಿಸಿದ್ದೇನೆ, ಅಂಚಿಗೆ ಇಟ್ಟಿಗೆ ನಿಲ್ಲಿಸಿದ್ದೇನೆ. ನೀನು ಹೇಳಿದ್ದೇ ಸರಿ ಇತ್ತು. ನರ್ಸಮ್ಮ ಆಸ್ಪತ್ರೆ ವರಾಂಡ ಅಂತ ಮತ್ತೆ ನಕ್ಕರು, ನಗಲಿ. ಬಾಗಿಲ ಹತ್ತಿರ ಸಣ್ಣ ಬಿದಿರು ಹಾಕಿದ್ದೇನೆ, ಗಾಳಿಗೆ ಸರಸರ ಅನ್ನುತ್ತದೆ. ಮೊದಲ ದಿನ ಯಾರೋ ಬಂದರು ಅಂತ ಎದ್ದು ಬಾಗಿಲು ತೆಗೆದೆ.

ಕೋಲಿಯಸ್‌ನ ಕುಡಿ ಚಿವುಟುವುದನ್ನು ಬಿಟ್ಟಿದ್ದೇನೆ. ಹೂ ಬಿಡಲಿ ಪಾಪ.

ಇನ್ನೊಂದು ಸಂಗತಿ, ನಗಬೇಡ. ಈಗೀಗ ಸೂಜಿಗೆ ದಾರ ಪೋಣಿಸಲು ನನಗೆ ಆಗುತ್ತಿಲ್ಲ. ನರ್ಸಮ್ಮನ ಹತ್ತಿರ ಹೋಗಿ ದಾರ ಹಾಕಿಸಿಕೊಂಡು ಬರುತ್ತೇನೆ. ವಯಸ್ಸಾಯಿತಲ್ಲ. ನಿಲ್ದಾಣಕ್ಕೆ ಬಂದು ನಿನ್ನನ್ನು ಕರೆದುಕೊಂಡು ಬರುವುದೆಲ್ಲ ನನ್ನ ಕೈಲಾಗುವುದಿಲ್ಲ. ನೀನೇ ನಡೆದು ಬಾ. ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಮಾತಾಡುತ್ತಲೇ ಇರುತ್ತೇನೆ, ನಿನಗೆ ಗೊತ್ತಲ್ಲ, ಬಾಯಿ ಮುಚ್ಚಿ ನನಗೆ ಅಭ್ಯಾಸವಿಲ್ಲ. ಬೀದಿ ತಿರುವಿಗೇ ಕೇಳಿಸುತ್ತದೆ.

ಆ ವಸತಿಯಲ್ಲಿ ತಿದ್ದಲು ನಿನಗೆ ಯಾರ ಕಾಗದ ಸಿಗುತ್ತದೆ? ಇಲ್ಲಿ ನಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತೇನೆ, ನೀನು ಕೂತಲ್ಲೇ ತಪ್ಪು ಹೇಳು.

ನಿನ್ನ ಗಾಬರಿ


(ಇದೇ ಲಕೋಟೆಯಲ್ಲಿ ಬೇರೆ ಹಾಳೆ)

ಉಗ್ರಾಣದ ಅಣ್ಣನವರಿಗೆ,

ಈ ಹಾಳೆಯನ್ನು ನಮ್ಮಣ್ಣನಿಗೆ ಓದಿ ಹೇಳಬೇಡಿ. ಅವನು ಸ್ನಾನಕ್ಕೆ ಹೋದಾಗ ನೀವೊಬ್ಬರೇ ಓದಿ.

ಮೇಲಿನ ಕಾಗದದಲ್ಲಿ ನಾನು ಬರೆದದ್ದೆಲ್ಲ ನಿಜವಲ್ಲ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಯಾರ ಬಟ್ಟೆಯೂ ಹರಿದಿಲ್ಲ. ಬಿದ್ದದ್ದು ಮಾತ್ರ ನಿಜ. ಕಣ್ಣು ಮುಚ್ಚಿಕೊಂಡು ಗೇಟಿನಿಂದ ಬಾಗಿಲವರೆಗೆ ನಡೆದು ನೋಡಿದೆ, ಮೊದಲನೇ ತಿರುವಿನಲ್ಲೇ ಬಿದ್ದೆ. ಆ ಕುಂಡ ನಾನೇ ಇಟ್ಟದ್ದು.

ನಿಮ್ಮ ಮಾತುಗಳನ್ನು ಓದಿದ ಮೇಲೆ ಅವನ ಹಳೇ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಎಲ್ಲಾ ಹೇಳಿದ್ದಾನೆ. ದಾರಿ, ಇಟ್ಟಿಗೆ, ಮುಳ್ಳು, ಸದ್ದು. ನಾನು ಎಲ್ಲದಕ್ಕೂ ಹೆದರುತ್ತೇನೆ, ಹೆದರಬೇಕಾದ್ದಕ್ಕೆ ಮಾತ್ರ ಹೆದರಲಿಲ್ಲ.

ರಾತ್ರಿರಾಣಿ ವಿಷಯ ನಿಮಗೊಬ್ಬರಿಗೆ ಹೇಳುತ್ತೇನೆ. ಕೀಳಿಸಿದ ದಿನ ನರ್ಸಮ್ಮ ಅದರ ಒಂದು ಕೊಂಬೆಯನ್ನು ತಮ್ಮ ಹಿತ್ತಲಿನ ಟೊಮೆಟೊ ಗಿಡಕ್ಕೆ ಊರುಗೋಲು ಮಾಡಲು ಒಯ್ದಿದ್ದರು. ಹೋದ ತಿಂಗಳು ಕರೆದು ತೋರಿಸಿದರು, ಊರುಗೋಲು ಚಿಗುರಿತ್ತು! ಅಮ್ಮನ ಗಿಡವೇ. ಅಲ್ಲೇ ಕೂತು ಅತ್ತೆ. ಆಮೇಲೆ ಹೋದಾಗಲೆಲ್ಲ ಒಂದು ಚೊಂಬು ನೀರು ಹಾಕಿ ಬಂದೆ. ನರ್ಸಮ್ಮ ಬೇಡ ಬೇಡ ಅಂದರು. ಅವರು ಕೆಲಸಕ್ಕೆ ಹೋದಾಗಲೂ ಬೇಲಿ ಸಂದಿಯಿಂದ ಹಾಕಿದೆ. ಬುಡ ಕೊಳೆಯಿತು. ಮೊನ್ನೆ ಎಳೆದರೆ ಹಾಗೇ ಕೈಗೆ ಬಂತು.

ನರ್ಸರಿಯವನು ಯಾರದ್ದೋ ಬೇಲಿಯಿಂದ ಒಂದು ಚಿಕ್ಕ ರಾತ್ರಿರಾಣಿ ತಂದು ಕೊಟ್ಟಿದ್ದಾನೆ. ಗೇಟಿನ ಪಕ್ಕ, ಅದೇ ಗುಂಡಿಯಲ್ಲಿ ಅವನೇ ನೆಟ್ಟ. "ಅಕ್ಕಾ, ಇದಕ್ಕೆ ನೀರು ನಾನು ಹಾಕ್ತೀನಿ, ನೀವು ಮುಟ್ಟಬೇಡಿ," ಅಂದಿದ್ದಾನೆ. ಹೂ ಬರುವುದು ಮುಂದಿನ ವರ್ಷವಂತೆ. ಮಳೆ ನಿಂತ ಮೇಲೆ ಅಣ್ಣ ಬಂದರೆ ಗೇಟಿನಲ್ಲಿ ಪರಿಮಳ ಇರುವುದಿಲ್ಲ. ಎಷ್ಟು ಯೋಚಿಸಿದರೂ ಅದಕ್ಕೆ ದಾರಿ ಕಾಣಲಿಲ್ಲ.

ಕ್ರೋಟನ್ ಎಲ್ಲಾ ತೆಗೆಸಿದ್ದೇನೆ. ಆ ಜಾಗ ಖಾಲಿ ಇದೆ. ಹಳದಿ ಸೇವಂತಿಗೆಯ ಸಸಿಗಳನ್ನು ತಂದು ಕುಂಡದಲ್ಲೇ ಇಟ್ಟಿದ್ದೇನೆ. ಕಾರ್ಡು ಹಿಡಿದು ನೋಡಿಯೇ ತಂದೆ, ಅವನ 'ಗಾಬರಿ'ಗೆ ಒಂದು ಎಳೆಯೂ ವ್ಯತ್ಯಾಸವಿಲ್ಲ. ಗೇಟಿನ ಎರಡೂ ಕಡೆ ಒತ್ತಾಗಿ ನೆಟ್ಟರೆ, ಅವನು ಬರುವ ಹೊತ್ತಿಗೆ ಹೂವಾಗಿರುತ್ತದೆ. ಇನ್ನೂ ನೆಟ್ಟಿಲ್ಲ. ಯಾಕೆಂದರೆ ನನಗೆ ಒಂದು ಅನುಮಾನ.

ಅವನು ಡಬ್ಬದ ಮೇಲೆ ಕೈಯಿಟ್ಟು "ಇದು ನಮ್ಮ ಗಾಬರಿ" ಅಂದ ಅಂತ ಬರೆದಿದ್ದೀರಿ. ಡಬ್ಬಗಳು ಇರುವ ಜಾಗ ಗುರುತಿಟ್ಟುಕೊಂಡಿದ್ದ ಅಂತಲೂ ನೀವೇ ಬರೆದಿದ್ದೀರಿ. ಆ ಡಬ್ಬ ಯಾವಾಗಲೂ ಅಲ್ಲೇ ಇರುವುದಾ? ಅವನಿಗೆ ಹಳದಿ ಕಂಡು ಹೇಳಿದನೋ, ಜಾಗ ಗೊತ್ತಿದ್ದು ಹೇಳಿದನೋ? ನಿಮಗೆ ತೊಂದರೆ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅವನಿಗೆ ತಿಳಿಯದ ಹಾಗೆ ಆ ಡಬ್ಬವನ್ನು ಬೇರೆ ಜಾಗದಲ್ಲಿಟ್ಟು, ಹಗಲು ಬೆಳಕಿರುವಾಗ, ಇನ್ನೊಂದು ಸಲ ಕೇಳಿ ನೋಡಿ.